ಉಳಿದ ಹನ್ನೆರಡು ಕಿಲೋ

೬ ಜನವರಿ

ನನ್ನ ಅಳಿಲಿಗೆ ಮಾವನ ಆಶೀರ್ವಾದಗಳು.

ಕಣ್ಣಳತೆಯಲ್ಲೇ ಲಾರಿ ತೂಗುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ ಇದ್ದಾನೆ, ಅವನಿಗೆ ನೀನು ಸೋದರಸೊಸೆ ಆಗಬೇಕು. ಮೊನ್ನೆ ಜಲ್ಲಿ ತುಂಬಿದ ಲಾರಿಯೊಂದು ನಮ್ಮ ವೇಬ್ರಿಡ್ಜಿನ ಪ್ಲೇಟು ಹತ್ತುವ ಮೊದಲೇ ಕಿಟಕಿಯಿಂದ ಕೂಗಿದೆ: "ಹದಿನಾರು ಟನ್ನು ಇನ್ನೂರ ನಲವತ್ತು ಕಿಲೋ! ಡ್ರೈವರ್ ಇನ್ನೂ ಊಟ ಮಾಡಿಲ್ಲ!" ಯಂತ್ರವೂ ಅದನ್ನೇ ತೋರಿಸಿತು. ಈಗೀಗ ಅದು ನನ್ನ ಮುಖ ನೋಡಿಕೊಂಡೇ ಅಂಕಿ ಹೇಳುವುದು. ಯಂತ್ರ ತಪಾಸಣೆಗೆ ಬಂದ ಇಂಜಿನಿಯರು ನನ್ನ ಕೈ ಕುಲುಕಿ, "ನೀವಿದ್ದ ಮೇಲೆ ಇದೊಂದು ದಂಡ" ಅಂದರು. ನಿನ್ನ ಅತ್ತೆ ಆಗ ಅಲ್ಲಿರಲಿಲ್ಲ, ಹಾಗಾಗಿ ಅವಳು ನಂಬುವುದಿಲ್ಲ.

ಕಾಲು ಹೇಗಿದೆ? ನಾಟಕಕ್ಕೆ ದೀಪ ಕಟ್ಟುವಾಗ ಏಣಿ ಜಾರಿ ನೀನು ಬಿದ್ದ ಸುದ್ದಿ ಬಂದಾಗ ನಿನ್ನಮ್ಮ ನನ್ನನ್ನೇ ಹಿಡಿದುಕೊಂಡಳು. "ಚಿಕ್ಕಂದಿನಲ್ಲಿ ಇವಳಿಗೆ ಮರ ಹತ್ತೋದು ಕಲಿಸಿದ್ದು ಯಾರು? ನೀನೇ ತಾನೆ?" ಅಂದಳು. ಅಕ್ಕನ ಮುಂದೆ ನಾನು ಬಾಯಿ ಬಿಡುವವನಲ್ಲ. ನಿನಗಾದರೆ ಹೇಳುತ್ತೇನೆ: ನಾನು ಕಲಿಸಿದ್ದು ಹತ್ತುವುದನ್ನು ಮಾತ್ರ, ಬೀಳುವುದು ನಿನ್ನ ಸ್ವಂತ ವಿದ್ಯೆ.

ಇನ್ನೊಂದು ಸಣ್ಣ ವಿಷಯ. ನಿನಗೆ ವ್ಯಾಯಾಮ ಮಾಡಿಸುವ ಕೋಣೆಯ ಗೋಡೆಯ ಮೇಲೆ ಯಾವ ಗ್ರಹದಲ್ಲಿ ಎಷ್ಟು ತೂಗುತ್ತೇವೆ ಎಂದು ಬರೆದಿದೆಯಂತೆ, ಅಕ್ಕ ಹೇಳಿದಳು. ಶನಿಗ್ರಹ ನಮ್ಮ ಭೂಮಿಗಿಂತ ತೊಂಬತ್ತೈದು ಪಟ್ಟು ಭಾರವೆಂದು ಹೆಡ್‌ಮೇಷ್ಟ್ರು ಪೇಪರಿನಲ್ಲಿ ಓದಿದರು. ಅಂದಮೇಲೆ ಅಲ್ಲಿ ನಿಂತವನ ತೂಕವೂ ತೊಂಬತ್ತೈದು ಪಟ್ಟು ಆಗಬೇಕು. ಏಳನೇ ಕ್ಲಾಸು ಪಾಸಾದ ಯಾರಿಗಾದರೂ ತಿಳಿಯುವ ಲೆಕ್ಕ. ಆದರೂ ಗೋಡೆಯ ಮೇಲೆ ಏನಿದೆ ನೋಡಿ ಬರೆ. ನನಗೆ ಗೊತ್ತಿಲ್ಲವೆಂದಲ್ಲ, ನಿನಗೆ ಗೊತ್ತಿದೆಯೋ ಎಂದು.

ಫೋನು ಮಾಡಬೇಡ. ನಾನು ಫೋನಿನಲ್ಲಿದ್ದರೆ ನಿನ್ನ ಅತ್ತೆಗೆ ಪಕ್ಕದಲ್ಲೇ ಏನಾದರೂ ಕೆಲಸ ಹುಟ್ಟಿಕೊಳ್ಳುತ್ತದೆ.

ಇಂತಿ ನಿನ್ನ ಮಾವ


೧೩ ಜನವರಿ

ಪ್ರೀತಿಯ ಮಾವನಿಗೆ,

ಫೋನು ಮಾಡಬೇಡ ಅಂದ ಕೂಡಲೇ ಗೊತ್ತಾಯಿತು. ಎಷ್ಟಕ್ಕೆ ಬಾಜಿ ಕಟ್ಟಿದ್ದೀಯ?

ಗೋಡೆಯ ಮೇಲಿರುವುದು ಹೀಗೆ: ನಾನು ಇಲ್ಲಿ ಅರವತ್ತು ಕಿಲೋ. ಶನಿಯ ಮೇಲೆ ಅರವತ್ತನಾಲ್ಕು. ಅಷ್ಟೇ ಮಾವ. ಶನಿ ತೊಂಬತ್ತೈದು ಪಟ್ಟು ಭಾರ ನಿಜ, ಆದರೆ ತುಂಬಾ ದಪ್ಪ. ಅದರ ಹೊರಮೈಯಲ್ಲಿ ನಿಂತವಳು ನಡುಭಾಗದಿಂದ ನಮಗಿಂತ ಒಂಬತ್ತು ಪಟ್ಟಿಗೂ ಹೆಚ್ಚು ದೂರ ಇರುತ್ತಾಳೆ. ದೂರ ಎರಡರಷ್ಟಾದರೆ ಸೆಳೆತ ಕಾಲುಭಾಗಕ್ಕೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಪಾಲು. ಭಾರದಿಂದ ಬಂದದ್ದನ್ನೆಲ್ಲ ದೂರ ತಿಂದುಹಾಕುತ್ತದೆ. ಅಲ್ಲಿ ನಿಲ್ಲಲು ನೆಲವೂ ಇಲ್ಲ, ಮೋಡದ ಮೇಲ್ಭಾಗದಲ್ಲಿ ನಿಂತಂತೆ ಅಂದುಕೊಂಡು ಮಾಡಿದ ಲೆಕ್ಕ.

ಈ ಗೋಡೆ ಇಲ್ಲಿನ ಫಿಸಿಯೋ ಮೇಡಮ್ಮಿನ ಕೆಲಸ. "ಕಾಲಿನ ಮೇಲೆ ಹತ್ತು ಕಿಲೋ ಊರು, ಇಪ್ಪತ್ಮೂರು ಕಿಲೋ ಊರು ಅಂದ್ರೆ ಯಾರಿಗೂ ನೆನಪಿರಲ್ಲ, ಚಂದ್ರ, ಮಂಗಳ ಅಂದ್ರೆ ಹೋಗಿ ಬಂದೋರ ಹಾಗೆ ನೆನಪಿಟ್ಕೋತಾರೆ" ಅನ್ನುತ್ತಾರೆ. ಎರಡು ಕಡೆ ಕಂಬಿ, ಮಧ್ಯದಲ್ಲಿ ಜೋಡಿ ತಕ್ಕಡಿ, ಒಂದೊಂದು ಕಾಲಿಗೆ ಒಂದೊಂದು. ಮುರಿದಿದ್ದ ಎಡಗಾಲನ್ನು ಎಷ್ಟು ಊರಬಹುದು ಎನ್ನುವುದೇ ನಮ್ಮ ಪ್ರಯಾಣ. ಪ್ಲೂಟೊ ನಾಲ್ಕು ಕಿಲೋ, ಚಂದ್ರ ಹತ್ತು, ಮಂಗಳ ಇಪ್ಪತ್ಮೂರು, ಶುಕ್ರ ಐವತ್ತನಾಲ್ಕು, ಆಮೇಲೆ ಭೂಮಿ. ನಾನೀಗ ಚಂದ್ರನ ಮೇಲಿದ್ದೇನೆ.

ನಾಟಕ ಕಂಪನಿಯ ಮ್ಯಾನೇಜರು ಬಂದಿದ್ದರು. ಹೊಸ ನಾಟಕದ ಮೊದಲ ಪ್ರದರ್ಶನ ಏಪ್ರಿಲ್ ಐದಕ್ಕೆ. "ಅಲ್ಲೀವರೆಗೂ ನಿನ್ನ ಜಾಗಕ್ಕೆ ಯಾರನ್ನೂ ತಗೊಳ್ಳಲ್ಲ ಕಣಮ್ಮ. ಆದ್ರೆ ನನಗೆ ಬೇಕಾಗಿರೋದು ಏಣಿ ಹತ್ತೋಳು" ಅಂದರು. ಅಷ್ಟರೊಳಗೆ ಹತ್ತಲೇಬೇಕು ಮಾವ. ದೀಪದ ಕೆಲಸ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಬಂದರೂ ಬೇಡ.

ನಿನ್ನ ಅಳಿಲು


೧೯ ಜನವರಿ

ಅಳಿಲೇ,

ಬಾಜಿಯೇ? ನಾನೇ? ಸುಮ್ಮನೆ ಮಾತಿಗೆ ಮಾತು ಬೆಳೆದು ಎರಡು ಕಪ್ ಚಹಾ ಕೊಡಿಸಬೇಕಾಯಿತು, ಅದೂ ಮೇಷ್ಟ್ರ ವಯಸ್ಸಿಗೆ ಮರ್ಯಾದೆ ಕೊಟ್ಟು.

ನಿನ್ನ ಕಾಗದ ಓದುವ ಹೊತ್ತಿಗೆ ಸರಿಯಾಗಿ ಹತ್ತಿ ತುಂಬಿದ ಲಾರಿ ಬಂತು. ಮನೆಯಷ್ಟು ಎತ್ತರ, ರಸ್ತೆಯ ಎರಡೂ ಬದಿಗೆ ಹೊಟ್ಟೆ ಬಿಟ್ಟುಕೊಂಡಿತ್ತು. ತೂಗಿದರೆ ಏನೂ ಇಲ್ಲ. ಅದರ ಹಿಂದೆಯೇ ಕಬ್ಬಿಣದ ಸರಳಿನ ಲಾರಿ, ನೋಡಿದರೆ ಖಾಲಿಯಂತೆ, ತೂಗಿದರೆ ಯಂತ್ರವೇ ನರಳಿತು. ಆಗ ಥಟ್ಟನೆ ಹೊಳೆಯಿತು, ಶನಿ ಅಂದರೆ ಹತ್ತಿ ಲಾರಿ! ನಮ್ಮ ಭೂಮಿ ಸರಳಿನ ಲಾರಿ. ಜನ ಶನಿ ಹೆಗಲೇರಿದ ಎಂದು ಸುಮ್ಮನೆ ಗೋಳಾಡುತ್ತಾರೆ.

ಈ ಸೂತ್ರವನ್ನು ಕೂಡಲೇ ಪಂಕ್ಚರ್ ಅಂಗಡಿಯ ಮುಂದೆ ಎಲ್ಲರಿಗೂ ವಿವರಿಸಿದೆ. ದೊಡ್ಡ ಗ್ರಹಗಳೆಲ್ಲ ಬರೀ ಹತ್ತಿ. ಶನಿ ಹೇಗೋ ಗುರುವೂ ಹಾಗೆ, ಅಲ್ಲೂ ಅರವತ್ತನಾಲ್ಕೋ ಅರವತ್ತೈದೋ ಇರಬೇಕು ಎಂದೆ. ಪಂಕ್ಚರ್ ಅಂಗಡಿಯವನು ಚಪ್ಪಾಳೆ ಹೊಡೆದ. ಹೆಡ್‌ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಖಂಡಿತವೇನಯ್ಯಾ?" ಅಂದರು. ನಾನು ಮಾತು ಕೊಟ್ಟುಬಿಟ್ಟಿದ್ದೇನೆ. ಗೋಡೆ ನೋಡಿ ಬರೆ, ಅವಸರವೇನಿಲ್ಲ, ನಾಳೆಯೇ ಬರೆದರೆ ಸಾಕು.

ಚಂದ್ರನ ಮೇಲೆ ಇನ್ನೆಷ್ಟು ದಿನ ಇರುತ್ತೀಯ? ಅಲ್ಲಿ ಗಾಳಿಯೂ ಇಲ್ಲ. ಬೇಗ ಮಂಗಳಕ್ಕೆ ಹೊರಡು.

ಮಾವ


೧೧ ಫೆಬ್ರವರಿ

ಮಾವನಿಗೆ,

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ.

ಗುರುವಿನ ಮೇಲೆ ನಾನು ನೂರ ಐವತ್ತು ಕಿಲೋ. ಇಲ್ಲಿಗಿಂತ ಎರಡೂವರೆ ಪಟ್ಟು. ಅದೂ ಹತ್ತಿಯೇ, ಆದರೆ ತನ್ನ ಭಾರಕ್ಕೆ ತಾನೇ ಅದುಮಿಕೊಂಡ ಹತ್ತಿ. ಇನ್ನಾದರೂ ಗೋಡೆಯನ್ನು ಮೊದಲು ಕೇಳು, ಬಾಯಿ ಆಮೇಲೆ ಬಿಡು.

ನಾನು ಮಂಗಳಕ್ಕೆ ಬಂದಾಯಿತು. ಈ ಬೆಳಿಗ್ಗೆ ಎಡಗಾಲು ಇಪ್ಪತ್ಮೂರು, ಬಲಗಾಲು ಇಪ್ಪತ್ತೈದು. ಮೇಡಂ ಎಡಗಾಲಿನ ಮುಳ್ಳು ನೋಡಿ, "ಭೇಷ್" ಎಂದು ಮುಂದಿನವರ ಹತ್ತಿರ ಹೋದರು. ಎಲ್ಲ ಚೆನ್ನಾಗಿದೆ. ಏಪ್ರಿಲ್ ಹೊತ್ತಿಗೆ ಏಣಿ ಹತ್ತುತ್ತೇನೆ ಎಂದು ಮ್ಯಾನೇಜರಿಗೂ ಹೇಳಿ ಕಳಿಸಿದೆ. ಅಮ್ಮನಿಗೂ ಹಾಗೇ ಹೇಳು.

ಅಳಿಲು


೧೫ ಫೆಬ್ರವರಿ

ಮಗಳೇ,

ಗುರು ಗ್ರಹ ಹಾಳಾಗಿ ಹೋಗಲಿ. ನಿನಗೇನಾಗಿದೆ?

ನಿನ್ನ ಕಾಗದ ಓದಿ ಜೇಬಿಗಿಟ್ಟುಕೊಂಡು ಮಲಗಿದೆ. ನಿದ್ದೆ ಹತ್ತಲಿಲ್ಲ. ಎಲ್ಲೋ ಏನೋ ಕಡಿಮೆ ಬೀಳುತ್ತಿದೆ ಅನ್ನಿಸಿತು. ಲಾರಿಯನ್ನು ಮುಂದಿನ ಚಕ್ರ ಬೇರೆ, ಹಿಂದಿನ ಚಕ್ರ ಬೇರೆ ತೂಗಿ ಕೂಡಿಸುವುದು ನನ್ನ ದಿನದ ಕೆಲಸ. ಹಾಗೇ ಕೂಡಿಸಿದೆ. ಇಪ್ಪತ್ಮೂರೂ ಇಪ್ಪತ್ತೈದೂ ನಲವತ್ತೆಂಟು. ಅರವತ್ತು ಕಿಲೋ ಇದ್ದ ಹುಡುಗಿ ನಲವತ್ತೆಂಟಾಗಿದ್ದಾಳೆ! ಒಂದು ತಿಂಗಳಲ್ಲಿ ಹನ್ನೆರಡು ಕಿಲೋ ಕರಗಿಸಿದ್ದಾರೆ! ಅದಕ್ಕೇ ಕಾಗದವೂ ಅಷ್ಟು ಸಣ್ಣದು, ಬರೆಯಲೂ ಕೈಯಲ್ಲಿ ತ್ರಾಣವಿಲ್ಲ.

ಅಕ್ಕನಿಗೆ ಹೇಳಿಲ್ಲ. ಆದರೆ ನಿನ್ನ ಫಿಸಿಯೋ ಮೇಡಮ್ಮಿಗೆ ನೇರವಾಗಿ ಒಂದು ಕಾಗದ ಬಿಸಾಕಿದ್ದೇನೆ. "ಅಮ್ಮಾ, ನಮ್ಮ ವೇಬ್ರಿಡ್ಜಿಗೆ ಬರುವ ಲಾರಿ ಹೋಗುವಾಗ ಹನ್ನೆರಡು ಕಿಲೋ ಕಡಿಮೆ ಇದ್ದರೆ ನಾನು ಪೊಲೀಸರನ್ನು ಕರೆಯುತ್ತೇನೆ. ನಮ್ಮ ಹುಡುಗಿಯ ಹನ್ನೆರಡು ಕಿಲೋ ಎಲ್ಲಿ?" ಎಂದು ಕೇಳಿದ್ದೇನೆ. ಕೊನೆಗೆ, "ಈ ಕಡೆ ನನ್ನ ಮಾತಿಗೆ ಮಂತ್ರಿಗಳೂ ಎದ್ದು ನಿಲ್ಲುತ್ತಾರೆ" ಎಂದೂ ಸೇರಿಸಿದ್ದೇನೆ, ಸ್ವಲ್ಪ ಭಯ ಇರಲಿ ಎಂದು.

ಖರ್ಜೂರ, ಬಾದಾಮಿ, ಜೇನುತುಪ್ಪ ಪಾರ್ಸೆಲ್ ಮಾಡಿದ್ದೇನೆ. ಯಾರಿಗೂ ಹಂಚಬೇಡ. ಒಬ್ಬಳೇ ತಿನ್ನು.

ಮಾವ


೨೨ ಫೆಬ್ರವರಿ

ಮಾವಾ,

ನಿನ್ನ ಕಾಗದವನ್ನು ಮೇಡಂ ಇಡೀ ಕೋಣೆಗೆ ಕೇಳುವಂತೆ ಓದಿದರು. ಮಂತ್ರಿಗಳು ಎದ್ದು ನಿಲ್ಲುವ ಕಡೆ ಬಂದಾಗ, ಮೂರು ತಿಂಗಳಿಂದ ನಗದೇ ಇದ್ದ ಕಿಟಕಿಯ ಪಕ್ಕದ ಅಜ್ಜಿ ಕೂಡ ನಕ್ಕರು. ನಾನೂ ನಕ್ಕೆ. ಆಮೇಲೆ ಮೇಡಂ ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನಿಮ್ಮ ಮಾವ ಕೇಳ್ತಿರೋದು ಸರಿಯಾಗೇ ಇದೆಯಲ್ಲಮ್ಮ. ಹನ್ನೆರಡು ಕಿಲೋ ಎಲ್ಲಿ?"

ನಾನು ಸಣ್ಣಗಾಗಿಲ್ಲ ಮಾವ. ಈಗಲೂ ಅರವತ್ತೇ. ಉಳಿದ ಹನ್ನೆರಡು ಕಿಲೋ ನನ್ನ ಕೈಯಲ್ಲಿತ್ತು. ಎರಡೂ ಬದಿಯ ಕಂಬಿ ಹಿಡಿದು ನೇತಾಡುತ್ತಿದ್ದೆ. ಆ ಇಪ್ಪತ್ಮೂರು ಕೂಡ ಮುಳ್ಳು ಅಲ್ಲಿಗೆ ಮುಟ್ಟಿದ ಒಂದು ಗಳಿಗೆ ಮಾತ್ರ. ಮೇಡಂ ಆ ಕಡೆ ಹೋದರೆ ಮತ್ತೆ ಚಂದ್ರನಿಗೆ, ಕೆಲವು ದಿನ ಪ್ಲೂಟೊಗೆ.

ಮೂಳೆ ಕೂಡಿದೆ. ಎಕ್ಸ್‌ರೇ ನಾನೇ ನೋಡಿದ್ದೇನೆ. ಪೂರ್ತಿ ಭಾರ ಬಿಡಬಹುದು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ನನಗೇ ಬಿಡಲಾಗುತ್ತಿಲ್ಲ. ಕಾಲಿಗೆ ಭಾರ ಬಿದ್ದ ಕೂಡಲೇ ಏಣಿಯ ಬುಡ ನೆಲದ ಮೇಲೆ ಕಿರ್ ಎಂದು ಜಾರಿದ ಸದ್ದು ಕೇಳಿಸುತ್ತದೆ. ಕೈ ತಾನಾಗಿ ಕಂಬಿಗೆ ಹೋಗುತ್ತದೆ. ಕೈ ಅಲ್ಲಿಗೆ ಹೋಗಿದ್ದೇ ಎಷ್ಟೋ ಸಲ ನನಗೆ ಗೊತ್ತಾಗುವುದಿಲ್ಲ.

ಎಲ್ಲ ಚೆನ್ನಾಗಿದೆ ಎಂದು ನಿನಗೆ ಬರೆದದ್ದು ಸುಳ್ಳು. ಏಪ್ರಿಲ್ಲಿಗೆ ಏಣಿ ಇರಲಿ, ಒಂದು ಮೆಟ್ಟಿಲಾದರೂ ಹತ್ತುತ್ತೇನೋ ಇಲ್ಲವೋ ತಿಳಿಯದು. ಅಮ್ಮನಿಗೆ ಹೇಳಬೇಡ. "ಧೈರ್ಯ ತಗೋ" ಎಂದು ಮಾತ್ರ ಬರೆಯಬೇಡ, ಆ ಮಾತನ್ನು ಇಲ್ಲಿ ನೀರು ತಂದುಕೊಡುವವರೂ ಹೇಳುತ್ತಾರೆ.

ಖರ್ಜೂರ ಹಂಚಿದೆ.

ಅಳಿಲು


೨೬ ಫೆಬ್ರವರಿ

ಅಳಿಲೇ, ನಿಲ್ಲು. ಕೂತು ಓದಬೇಡ.

ಇದು ಕಾಗದವಲ್ಲ, ವೇಬ್ರಿಡ್ಜಿನಲ್ಲಿ ತೂಕದ ಚೀಟಿ ಹೊಡೆಯುವ ಪೇಪರಿನ ರೋಲು, ನಿನಗೆ ಗೊತ್ತಾಗಿರಬೇಕು. ಹದಿನೈದು ಮೊಳ ಬರೆದಿದ್ದೇನೆ. ಮೊದಲು ಮೇಡಮ್ಮನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೋ. ಆಮೇಲೆ ಎರಡು ತಕ್ಕಡಿಯ ಮೇಲೆ ನಿಂತು ಇದನ್ನು ಗಟ್ಟಿಯಾಗಿ ಓದು. ಮೇಲಿನ ತುದಿ ಒಂದು ಕೈಯಲ್ಲಿ, ರೋಲು ಇನ್ನೊಂದು ಕೈಯಲ್ಲಿ. ಒಂದು ಕೈ ಬಿಟ್ಟೆಯೋ, ಸುರುಳಿ ಸುತ್ತಿಕೊಂಡು ಮೂಗಿಗೆ ಬಂದು ಹೊಡೆಯುತ್ತದೆ. ನಾನೇ ಪರೀಕ್ಷೆ ಮಾಡಿ ನೋಡಿದ್ದೇನೆ, ಮೂಗು ಇನ್ನೂ ಕೆಂಪಗಿದೆ.

ನಿಂತೆಯಾ? ಮುಳ್ಳು ನೋಡಬೇಡ, ಅದು ಮೇಡಮ್ಮಿನ ಕೆಲಸ. ನಿನ್ನ ಕೆಲಸ ಓದುವುದು.

ವೇಬ್ರಿಡ್ಜಿಗೆ ಮೊದಲ ಸಲ ಬರುವ ಡ್ರೈವರುಗಳಿದ್ದಾರಲ್ಲ, ಬಹಳ ಜನ ಪ್ಲೇಟಿನ ಅಂಚಿನಲ್ಲಿ ಬ್ರೇಕು ಹಾಕಿ ನಿಂತುಬಿಡುತ್ತಾರೆ. ಕೆಳಗೆ ಗುಂಡಿ ಇದೆ, ಪ್ಲೇಟು ಸ್ವಲ್ಪ ಅಲುಗಾಡುತ್ತದೆ, ಕುಸಿದರೆ ಏನು ಗತಿ ಎಂಬ ಹೆದರಿಕೆ. ಮುಂದಿನ ಚಕ್ರ ಹತ್ತಿಸಿ ಹಿಂದಿನದನ್ನು ರಸ್ತೆಯಲ್ಲೇ ಬಿಟ್ಟು, "ತೂಕ ಆಯ್ತಾ?" ಅನ್ನುತ್ತಾರೆ. ಎಲ್ಲಿ ಆಗುತ್ತದೆ? ನಾನು ಅವರಿಗೆ ಬುದ್ಧಿ ಹೇಳುವುದಿಲ್ಲ. ಹೋಗಿ ಬಾಗಿಲ ಹತ್ತಿರ ನಿಂತು, "ಎಲ್ಲಿಂದ ಬಂದ್ರಿ? ದಾರಿ ಹೇಗಿತ್ತು? ಟೈರು ಯಾವಾಗ ಹಾಕ್ಸಿದ್ದು?" ಎಂದು ಮಾತಿಗೆ ಎಳೆಯುತ್ತೇನೆ. ಅವರು ಮಾತಾಡುತ್ತಾ ಮಾತಾಡುತ್ತಾ ಬ್ರೇಕಿನಿಂದ ಕಾಲು ತೆಗೆಯುತ್ತಾರೆ. ಲಾರಿ ತಾನೇ ಉರುಳಿ ಪ್ಲೇಟಿನ ನಡುವೆ ಬಂದು ನಿಲ್ಲುತ್ತದೆ. "ಆಯ್ತು, ಹೋಗಿ" ಅಂದಾಗಲೇ ಅವರಿಗೆ ಗೊತ್ತಾಗುವುದು, ತಾವು ಅಷ್ಟು ಹೊತ್ತು ಗುಂಡಿಯ ಮೇಲಿದ್ದೆವೆಂದು.

ಕೈ ಎಲ್ಲಿದೆ? ನೋಡಬೇಡ, ಪೇಪರಿನಲ್ಲೇ ಇದೆ.

ಈಗ ನಾನು ಗೂಳಿಯನ್ನು ತೂಗಿದ ಕಥೆ ಕೇಳು. ಆ ಗೂಳಿ ಎಷ್ಟು ದೊಡ್ಡದೆಂದರೆ ಅದರ ನೆರಳು ಪ್ಲೇಟಿನ ಮೇಲೆ ಬಿದ್ದಾಗಲೇ ಯಂತ್ರ ನಾಲ್ಕು ಕಿಲೋ ತೋರಿಸಿತು. ಅಷ್ಟೊತ್ತಿಗೆ ನಿನ್ನ ಅತ್ತೆ ಊಟದ ಡಬ್ಬಿ ಹಿಡಿದು ಬಂದಳು. ಗೂಳಿ ಅವಳನ್ನು ನೋಡಿತು, ಅವಳು ಗೂಳಿಯನ್ನು ನೋಡಿದಳು. ಯಾರು ಮೊದಲು ದಾರಿ ಬಿಟ್ಟರು ಎಂದು ಕೇಳುತ್ತೀಯಾ? ನಾನು. ಇಬ್ಬರ ಮಧ್ಯೆ ಇದ್ದವನು ನಾನೊಬ್ಬನೇ.

ನಗು ಬಂದರೆ ನಗು. ನಕ್ಕಾಗ ಮುಳ್ಳು ಕುಣಿಯುತ್ತದೆ, ಕುಣಿಯಲಿ. ಇನ್ನೂ ಹನ್ನೆರಡು ಮೊಳ ಇದೆ…


೨೦ ಮಾರ್ಚ್

ಅಳಿಲಿಗೆ,

ಮೂರು ವಾರದಿಂದ ನಿನ್ನ ಕಾಗದವಿಲ್ಲ. ನಾನೇನೂ ಕಾಯುತ್ತಿಲ್ಲ. ಅಂಚೆಯವನು ಬರುವ ಹೊತ್ತಿಗೆ ನಾನು ಗೇಟಿನಲ್ಲಿ ನಿಂತಿರುತ್ತೇನೆ ಎಂದು ನಿನ್ನ ಅತ್ತೆ ಬರೆದರೆ ನಂಬಬೇಡ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಅದಕ್ಕೆ.

ರೋಲು ಸಿಕ್ಕಿತೋ ಇಲ್ಲವೋ ಅಷ್ಟಾದರೂ ತಿಳಿಸು. ಒಂದೇ ಸಾಲು ಸಾಕು. ಅಷ್ಟೂ ಬೇಡ, ಖಾಲಿ ಲಕೋಟೆ ಕಳಿಸಿದರೂ ಆದೀತು, ವಿಳಾಸದ ಅಕ್ಷರ ನೋಡಿ ಸುಮ್ಮನಾಗುತ್ತೇನೆ.

ಮಾವ


೮ ಏಪ್ರಿಲ್

ಮಾವ,

ಒಳ್ಳೆಯದಾದ ಮೇಲೆಯೇ ಬರೆಯಬೇಕೆಂದು ಹಟ ಹಿಡಿದಿದ್ದೆ. ನಿನ್ನನ್ನು ಗೇಟಿನಲ್ಲಿ ಒಣಗಿಸಿದ್ದಕ್ಕೆ ಅತ್ತೆ ಬೈದು ಬರೆದಿದ್ದಾರೆ. ತಪ್ಪಾಯಿತು.

ರೋಲು ಬಂದ ದಿನವೇ ಓದಿದೆ. ಗೂಳಿಯ ಕಥೆಯ ಹೊತ್ತಿಗೆ ಕೋಣೆಯವರೆಲ್ಲ ಸುತ್ತ ಸೇರಿದ್ದರು. ನಾನು ಓದುತ್ತಲೇ ಇದ್ದೆ, ಮೇಡಂ ಬಗ್ಗಿ ನೋಡುತ್ತಲೇ ಇದ್ದರು. ಅತ್ತೆ ಗೂಳಿಯನ್ನು ನೋಡಿದ ಕಡೆ ಮೇಡಂ ಮೆಲ್ಲಗೆ, "ಎಡಗಾಲು ಇಪ್ಪತ್ತು, ಬಲಗಾಲು ನಲವತ್ತು" ಅಂದರು. ಕೂಡಿಸಿಕೋ ಮಾವ. ಅರವತ್ತು. ಕೈಗೆ ಏನೂ ಉಳಿದಿರಲಿಲ್ಲ.

ಕಿರ್ ಎಂಬ ಸದ್ದು ಆಗ ಬರಲಿಲ್ಲ. ಮರುದಿನ ಬಂತು, ಬಿದ್ದಂತಾಗಿ ಮತ್ತೆ ಕಂಬಿ ಹಿಡಿದೆ. ಅದರ ಮರುದಿನ ಮತ್ತೆ ರೋಲು ಓದಿದೆ. ಆ ಅಜ್ಜಿಯೂ ಈಗ ನಿನ್ನ ರೋಲನ್ನೇ ಹಿಡಿದು ನಿಲ್ಲುತ್ತಾರೆ. "ಓದೋಕೆ ಬರಲ್ಲ, ಹಿಡ್ಕೊಳ್ಳೋಕೆ ಬರುತ್ತಲ್ಲ" ಅನ್ನುತ್ತಾರೆ. ಹೀಗೇ ಹಿಂದೆ ಮುಂದೆ ಆಗುತ್ತಾ ಮೂವತ್ತು ಮೂವತ್ತಕ್ಕೆ ಬಂದೆ. ಕಳೆದ ತಿಂಗಳ ಕೊನೆಗೆ ಶುಕ್ರ. ಆಮೇಲೊಂದು ದಿನ ಒಂದೇ ಕಾಲಿನಲ್ಲಿ, ಇಡೀ ಭೂಮಿ.

ನಾಟಕದ ಹಿಂದಿನ ದಿನ ಮೇಡಂ ಗಿಡ್ಡ ಸ್ಟೂಲಿನ ಮೇಲೆ ತಕ್ಕಡಿ ಇಟ್ಟು, ಎಡಗಾಲೂರಿ ಮೇಲೇರು ಅಂದರು. ಏರುವಾಗ ಕಾಲು ತಕ್ಕಡಿಯನ್ನು ಜೋರಾಗಿ ಒತ್ತುತ್ತದಲ್ಲ, ಆ ಗಳಿಗೆಯಲ್ಲಿ ಮುಳ್ಳು ಅರವತ್ತನ್ನು ದಾಟಿ ಅರವತ್ತೆಂಟಕ್ಕೆ ನೆಗೆಯಿತು. ಗೋಡೆಯ ಮೇಲೆ ಅದು ನೆಪ್ಚೂನ್. "ಮೆಟ್ಟಿಲು ಹತ್ತೋರೆಲ್ಲ ದಿನಾ ಅಲ್ಲಿಗೆ ಹೋಗಿ ಬರ್ತಾರೆ, ಯಾರಿಗೂ ಗೊತ್ತಾಗಲ್ಲ ಅಷ್ಟೆ" ಅಂದರು ಮೇಡಂ.

ಐದನೇ ತಾರೀಕು ನಾಟಕ ಶುರುವಾಯಿತು. ಏಣಿಯನ್ನು ಪೂರ್ತಿ ಹತ್ತಲಿಲ್ಲ. ಮೂರೇ ಮೆಟ್ಟಿಲು. ಮೂರನೆಯದರ ಮೇಲೆ ನಿಂತು, ಕೈಗೆಟುಕುವ ದೀಪವೊಂದನ್ನು ತಿರುಗಿಸಿ ಇಳಿದೆ. ಮ್ಯಾನೇಜರು ಕೆಳಗೆ ನಿಂತು ನೋಡುತ್ತಿದ್ದರು. "ಇವತ್ತು ಮೂರು ಹತ್ತಿದೋಳು ಮಳೆಗಾಲದೊಳಗೆ ಮೇಲಕ್ಕೆ ಹೋಗ್ತಾಳೆ. ಅಲ್ಲೀವರೆಗೆ ಕೆಳಗೆ ಸ್ವಿಚ್ ಬೋರ್ಡು ನೋಡ್ಕೊ, ಮೇಲಿನ ಕೆಲಸಕ್ಕೆ ಬೇರೆ ಯಾರಾದ್ರೂ ಕೈಜೋಡಿಸ್ತಾರೆ" ಅಂದರು. ಜಾಗ ಉಳಿಯಿತು ಮಾವ.

ನಾನು ನಿಜ ಹೇಳಿದ್ದಾಯಿತು. ಈಗ ನಿನ್ನ ಸರದಿ. ಬಾಜಿಯಲ್ಲಿ ಎಷ್ಟು ಕಳೆದುಕೊಂಡೆ? ಎರಡು ಕಪ್ ಚಹಾ ಎಂದು ಬರೆದರೆ ನೇರ ಅತ್ತೆಗೆ ಫೋನು ಮಾಡುತ್ತೇನೆ.

ಅಳಿಲು


೧೪ ಏಪ್ರಿಲ್

ನನ್ನ ಅಳಿಲಿಗೆ,

ನಿನ್ನ ಕಾಗದವನ್ನು ಗೇಟಿನಲ್ಲೇ ಒಡೆದು ಓದಿದೆ. ಹಿಂದೆ ನಿಂತ ಲಾರಿಗಳು ಹಾರನ್ ಹೊಡೆದವು. ಹೊಡೆಯಲಿ ಬಿಡು. ಸರಳಿನ ಲಾರಿಯ ಡ್ರೈವರ್ ಇಳಿದು ಬಂದು, "ಏನ್ ಸ್ವಾಮಿ, ಯಾರಾದ್ರೂ ಹೋಗ್ಬಿಟ್ರಾ? ಕಣ್ಣು ಒರೆಸ್ಕೊಳ್ತಿದ್ದೀರಿ" ಅಂದ. "ಇಲ್ಲ ಮಾರಾಯ, ನಮ್ಮ ಹುಡುಗಿ ನೆಪ್ಚೂನಿಗೆ ಹೋಗಿ ಬಂದ್ಳು" ಅಂದೆ. ಪಾಪ, ಹೋಗಿ ಲಾರಿಯಲ್ಲಿ ಕೂತ. ಅಕ್ಕನಿಗೆ ಓದಿ ಹೇಳಿದೆ. ಸುಳ್ಳು ಹೇಳಿದ್ದಕ್ಕೆ ನಿನಗೂ, ಮುಚ್ಚಿಟ್ಟಿದ್ದಕ್ಕೆ ನನಗೂ ಸರಿಯಾಗಿ ಬೈದಳು. ಆಮೇಲೆ ಆ ಮೂರು ಮೆಟ್ಟಿಲಿನ ಕಡೆಯನ್ನು ಮತ್ತೆ ಮತ್ತೆ ಓದಿಸಿದಳು.

ಬಾಜಿಯ ವಿಷಯ ಅಷ್ಟು ಮುಖ್ಯವಲ್ಲ. ಇರಲಿ, ಕೇಳಿದ್ದೀಯ. ಒಂದಿಷ್ಟು ಚಿಲ್ಲರೆ ಹೋಗಿರಬಹುದು. ಚಿಲ್ಲರೆ ಅಂದರೆ ನೋಟಿನಲ್ಲೇ ಅನ್ನು. ಶನಿಗೆ ನಾನೂರು ಹೋಯಿತು. ಅದನ್ನು ವಾಪಸು ಪಡೆಯಲು ಗುರುವಿನ ಮೇಲೆ ಎಂಟುನೂರು ಕಟ್ಟಿದೆ, ಅದೂ ಹೋಯಿತು. ಹೆಡ್‌ಮೇಷ್ಟ್ರು ಎಣಿಸಿಕೊಂಡು, "ಇನ್ನೂ ಗ್ರಹಗಳಿವೆ ಕಣಯ್ಯಾ" ಅಂದರು.

ಗ್ರಹಗಳ ಸಹವಾಸ ಸಾಕು ಅಂದುಕೊಂಡು ಮೂರನೆಯದನ್ನು ನಿನ್ನ ಮೇಲೆ ಕಟ್ಟಿದೆ. ನೀನು ನಿಜ ಬರೆದ ಆ ಕಾಗದ ಬಂದ ದಿನವೇ. ಪಂಕ್ಚರ್ ಅಂಗಡಿಯವನು ಬೇಡವೆಂದು ಕೈ ಹಿಡಿದೆಳೆದ. "ನಮ್ಮ ಹುಡುಗಿ ಮೊದಲನೇ ನಾಟಕದ ದಿನ ಏಣಿ ಹತ್ತುತ್ತಾಳೆ" ಎಂದು ಎಲ್ಲರ ಮುಂದೆ ಎದೆ ತಟ್ಟಿ ಹೇಳಿದೆ. ನಿನ್ನೆ ನಿನ್ನ ಕಾಗದ ತೋರಿಸಿದೆ. ಮೇಷ್ಟ್ರು ಎರಡು ಸಲ ಓದಿ, "ಮೂರು ಮೆಟ್ಟಿಲಿಗೆ ಏಣಿ ಹತ್ತಿದಳು ಅನ್ನಲಾಗದು, ಬಾಜಿ ನನ್ನದು. ಆದ್ರೂ ಅರ್ಧ ಸಾಕು ಕಣಯ್ಯಾ, ಮಗು ಗೆದ್ದಿದೆ" ಅಂದರು. ಅರ್ಧ ಯಾಕೆ? ಪೂರ್ತಿ ಕೊಟ್ಟೆ. ಸೋತ ದುಡ್ಡು ಎಣಿಸುವಾಗ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ, ಖುಷಿಗೆ ಲೆಕ್ಕ ತಪ್ಪಿ ಮೊದಲಿನಿಂದ ಎಣಿಸಿದೆ.

ನಿನ್ನ ಅರವತ್ತು ಸರಿಯಾಗಿ ಕೂಡಿತು. ನನ್ನದೂ ಕೂಡಲಿ. ಅತ್ತೆಗೆ ಗೊತ್ತಿರುವುದು ಶನಿಯ ನಾನೂರು ಮಾತ್ರ. ಮೂರೂ ಸೇರಿ ಕಳೆದುಕೊಂಡದ್ದು ಮೂರು ಸಾವಿರದ ಇನ್ನೂರು.